ಎಡಗಡೆಯ ಬಾವುಟ

ನಾನು ಮದುವೆಯಾಗಿ ಬಂದದ್ದು ಗಂಡನ ಅಕ್ಕನ ಮನೆಗೆ. ಇದನ್ನು ದೂರು ಅಂತ ತಿಳಿಯಬೇಡಿ, ಇದ್ದದ್ದೇ ಹಾಗೆ. ಕೆಳಗೆ ಲಾಂಡ್ರಿ ಅಂಗಡಿ, ಅದರ ಹಿಂದೆ ಒಗೆಯುವ ಕೋಣೆ, ಮೇಲೆ ನಾವು ಮಲಗುವ ಎರಡು ಕೋಣೆ, ಅದಕ್ಕೂ ಮೇಲೆ ಬಟ್ಟೆ ಒಣಗಿಸುವ ತಾರಸಿ. ಇಷ್ಟಕ್ಕೂ ಯಜಮಾನಿ ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿ, ಅಂಗಡಿಯನ್ನೂ ಸಾಕಿ, ಈ ಗಲಾಟೆಯಲ್ಲಿ ತನ್ನ ಮದುವೆಯ ಮಾತು ಯಾರ ಬಾಯಿಗೂ ಬರದ ಹಾಗೆ ನೋಡಿಕೊಂಡವರು. ನನ್ನ ಗಂಡನಿಗೆ, ಅಂದರೆ ಇವರಿಗೆ, ತಲೆಗೂದಲು ಬೆಳ್ಳಗಾಗತೊಡಗಿದ್ದರೂ ಬೀದಿಯವರೆಲ್ಲ ‘ತಮ್ಮ’ ಅಂತಲೇ ಕರೆಯುತ್ತಿದ್ದರು. ಅಕ್ಕನ ತಮ್ಮ ಅನ್ನುವುದೇ ಇವರ ಹೆಸರು, ಉದ್ಯೋಗ, ವಿಳಾಸ ಎಲ್ಲ.

ಅಕ್ಕನಿಗೆ ಬೀದಿ ಇಟ್ಟ ಹೆಸರು ಗಾಳಿಯಕ್ಕ. ಹೋಟೆಲುಗಳ ಹಾಸಿಗೆ ಬಟ್ಟೆ ರಾಶಿ ರಾಶಿ ನಮ್ಮಲ್ಲಿಗೆ ಬರುತ್ತಿತ್ತು. ಒಗೆದದ್ದನ್ನು ಬುಟ್ಟಿಯಲ್ಲಿ ಹೊತ್ತು ತಾರಸಿಗೆ ಹೋದರೆ ಅಕ್ಕ ಮೊದಲು ಗಾಳಿಗೆ ಮುಖ ಕೊಟ್ಟು ನಿಲ್ಲುತ್ತಿದ್ದರು. ಆಮೇಲೆ ಈ ಹಗ್ಗಕ್ಕೆ ದೊಡ್ಡವು, ಆ ಹಗ್ಗಕ್ಕೆ ಅಂಗಿ, ಆ ಮೂಲೆಗೆ ಏನೂ ಬೇಡ ಅನ್ನುವುದು. ಹೊಸದಾಗಿ ಬಂದವಳು ನಾನು, ಇದೆಲ್ಲ ಬರೀ ಜಂಬ ಅಂದುಕೊಂಡು ಬೇಡ ಅಂದ ಮೂಲೆಗೇ ಹಾಸಿಗೆ ಬಟ್ಟೆ ಹಾಕಿದೆ. ಅದು ಹಾರಿ ಪಕ್ಕದ ಬೇಕರಿಯ ಹೊಗೆ ಕೊಳವೆಗೆ ಸುತ್ತಿಕೊಂಡಿತು. ಅಕ್ಕ ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೈಯನ್ನು ಗೋಡೆಯ ಅಂಚಿಗೆ ತಂದರು, ಆಮೇಲೆ ಎರಡು ಹೆಜ್ಜೆ ಈಚೆಗೆ ತಂದರು. ಒಂದೇ ತಾರಸಿಯಲ್ಲಿ ಎರಡು ಗಾಳಿ ಇತ್ತು. ಮಸಿ ಹತ್ತಿದ ಬಟ್ಟೆಯನ್ನು ನಾನೇ ಮತ್ತೆ ಒಗೆದೆ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಗಾಳಿಯ ಹುಚ್ಚೇ ಅಕ್ಕನನ್ನು ರೈಫಲ್ ಕ್ಲಬ್ಬಿಗೆ ಒಯ್ದದ್ದು. ಊರ ಹೊರಗೆ ಇಟ್ಟಿಗೆಗಾಗಿ ಮಣ್ಣು ತೆಗೆದು ಬಿಟ್ಟ ದೊಡ್ಡ ಹಳ್ಳದಲ್ಲಿ ಕ್ಲಬ್ಬಿನ ಮೈದಾನ. ಅಲ್ಲಿ ಗಾಳಿ ತೋರಿಸಲು ನೆಟ್ಟ ಬಾವುಟಗಳು ಧೂಳು ಹಿಡಿದಾಗ ನಮ್ಮ ಲಾಂಡ್ರಿಗೆ ಬರುತ್ತಿದ್ದವು. ಒಗೆದು ಹಿಂದಿರುಗಿಸಲು ಹೋದ ಅಕ್ಕ, ಇವುಗಳನ್ನು ಕಟ್ಟಿರುವ ಜಾಗವೇ ಸರಿಯಿಲ್ಲ ಅಂತ ಕಾರ್ಯದರ್ಶಿಗೆ ಹೇಳಿದರಂತೆ. ಕಾರ್ಯದರ್ಶಿ ಅಂದರೆ ಗಡಿಯಾರ ರಿಪೇರಿ ಅಂಗಡಿಯವರು, ತಾಳ್ಮೆಯ ಮನುಷ್ಯ. ಹಾಗಾದರೆ ನೀವೇ ಕಟ್ಟಿ ಅಂದರು. ಅವತ್ತಿನಿಂದ ವಾರವಾರವೂ ಅಕ್ಕ ಅಲ್ಲಿ. ಬುಟ್ಟಿ ಹೊರಲು ಜೊತೆಗೆ ಹೋಗುತ್ತಿದ್ದ ತಮ್ಮನ ಕೈಗೆ ಯಾರೋ ರೈಫಲ್ ಕೊಟ್ಟರು. ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ, ಅಲುಗಾಡಲಿಲ್ಲ.

ಆ ಆಟದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನೆಲದ ಮೇಲೆ ಹೊಟ್ಟೆಯಡಿ ಚಾಪೆ ಹಾಕಿ ಮಲಗಿ, ದೂರದ ಕಾಗದದ ಕಪ್ಪು ವೃತ್ತದ ನಟ್ಟನಡುವೆ ಹೊಡೆಯಬೇಕು. ಗುಂಡು ಬಹಳ ಸಣ್ಣದು, ಹಗುರ. ದಾರಿಯಲ್ಲಿ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಎಡಗಡೆಯಿಂದ ಗಾಳಿ ಬಂದರೆ ಗುಂಡು ಬಲಕ್ಕೆ ಹೋಗುತ್ತದೆ, ಬಲಗಡೆಯಿಂದ ಬಂದರೆ ಎಡಕ್ಕೆ. ಎಷ್ಟು ತಳ್ಳುತ್ತದೆ ಅಂತ ಮೊದಲೇ ಊಹಿಸಿ, ರೈಫಲಿನ ಮೇಲಿರುವ ತಿರುಪನ್ನು ಅಷ್ಟು ಕ್ಲಿಕ್ ಎದುರು ದಿಕ್ಕಿಗೆ ತಿರುಗಿಸಿಕೊಂಡು ಹೊಡೆಯಬೇಕು. ಜೋಡಿ ಪಂದ್ಯದಲ್ಲಿ ಈ ಕೆಲಸ ಹಂಚಿಕೆಯಾಗುತ್ತದೆ. ಒಬ್ಬರು ಹೊಡೆಯುವವರು, ಇನ್ನೊಬ್ಬರು ಹಿಂದೆ ಸ್ಟೂಲಿನ ಮೇಲೆ ದುರ್ಬೀನು ಇಟ್ಟುಕೊಂಡು ಕೂತು ಗಾಳಿ ಹೇಳುವವರು. ಹೊಡೆಯುವವರು ಬಾವುಟದ ಕಡೆ ಕಣ್ಣೆತ್ತಿಯೂ ನೋಡಬಾರದು, ನೋಡಿದರೆ ಮನಸ್ಸು ಎರಡಾಗುತ್ತದೆ. ಇವರು ನೋಡಲೇ ಇಲ್ಲ. ಬೀದಿಯಲ್ಲಿ ಕೊಡೆ ಮಗುಚಿಕೊಂಡರೂ ಗಾಳಿ ಯಾವ ಕಡೆಯದು ಅಂತ ಇವರಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆಲ್ಲ ಅಕ್ಕ ಇದ್ದರು.

ಆ ಹಳ್ಳದ ಗಾಳಿ ಮಹಾ ಮೋಸದ್ದು. ಬಲಗಡೆಗೆ ಎತ್ತರದ ಮಣ್ಣಿನ ದಿಬ್ಬ. ಎಡಗಡೆಗೆ ಗೋಡೆ, ಅದರಲ್ಲಿ ಹಿಂದೆ ಇಟ್ಟಿಗೆ ಗಾಡಿ ಬರುತ್ತಿದ್ದ ಒಂದು ಸಂದು. ಎರಡೂ ಅಂಚಿಗೆ ಸಾಲಾಗಿ ಬಾವುಟಗಳು. ಎಡದ ಸಂದಿನಿಂದ ನುಗ್ಗಿದ ಗಾಳಿ ಮೈದಾನ ದಾಟಿ ದಿಬ್ಬಕ್ಕೆ ಬಡಿದು, ಅಲ್ಲಿ ಸುರುಳಿ ತಿರುಗಿ ವಾಪಸು ಬರುತ್ತದೆ. ಆಗ ಬಲಗಡೆಯ ಬಾವುಟಗಳು, ಗಾಳಿ ಬಲಗಡೆಯಿಂದಲೇ ಬರುತ್ತಿದೆ ಅನ್ನುವ ಹಾಗೆ ಉಲ್ಟಾ ಆಡುತ್ತವೆ. ಅವುಗಳನ್ನು ನಂಬಿ ತಿರುಪು ತಿರುಗಿಸಿದವರ ಗುಂಡು ಡಬಲ್ ದೂರ ಹೋಗಿ ಬೀಳುತ್ತದೆ. ಹೊಸಬರೆಲ್ಲ ಅಲ್ಲೇ ಮುಗ್ಗರಿಸುತ್ತಿದ್ದರು. ಸಂದಿನ ಪಕ್ಕದ ಬಾವುಟ ಕೇಳಿ, ಬಲಗಡೆಯವರ ಮಾತು ಕಿವಿಗೆ ಹಾಕ್ಕೋಬೇಡಿ ಅನ್ನುವುದು ಅಕ್ಕ ಎಲ್ಲರಿಗೂ ಕೊಡುತ್ತಿದ್ದ ಮೊದಲ ಪಾಠ.

ಇನ್ನೊಂದು ಕಟ್ಟುಪಾಡು ಇದೆ, ಈ ಕಥೆಗೆ ಅದೇ ಮುಖ್ಯ. ಗುಂಡು ಹೊಡೆದ ಕೂಡಲೇ, ಅದು ಎಲ್ಲಿ ಬಿತ್ತು ಅಂತ ಗೊತ್ತಾಗುವ ಮೊದಲೇ, ಹೊಡೆದವರು ತಮ್ಮ ಕೈಯ ವಿಷಯ ಹೇಳಬೇಕು. ಕೈ ಅಲುಗದೆ ಬಿಟ್ಟಿದ್ದರೆ ‘ಶುದ್ಧ’, ತಮ್ಮ ತಪ್ಪಿನಿಂದ ಬಂದೂಕು ಸರಿದಿದ್ದರೆ ‘ಎಳೆದೆ’. ಆ ಒಂದು ಪದದ ಮೇಲೆ ಗಾಳಿ ಹೇಳುವವರ ಲೆಕ್ಕವೆಲ್ಲ ನಿಂತಿದೆ. ಶುದ್ಧವಾಗಿ ಹೊಡೆದದ್ದು ಪಕ್ಕಕ್ಕೆ ಬಿದ್ದರೆ ತಪ್ಪು ಇರುವುದು ಗಾಳಿ ಓದಿದ್ದರಲ್ಲಿ, ಹೊಸದಾಗಿ ಹುಡುಕಬೇಕು. ಎಳೆದದ್ದಾದರೆ ಹುಡುಕುವ ಅಗತ್ಯವಿಲ್ಲ. ಇಲ್ಲಿ ಸುಳ್ಳು ಹೇಳುವವರನ್ನು ಕ್ಲಬ್ಬಿನಲ್ಲಿ ಯಾರೂ ಜೋಡಿಗೆ ಸೇರಿಸಿಕೊಳ್ಳುವುದಿಲ್ಲ. ಇವರು ಸಾಮಾನ್ಯವಾಗಿ ಶುದ್ಧ ಅನ್ನುತ್ತಿದ್ದರು, ಅದು ಶುದ್ಧವೇ ಆಗಿರುತ್ತಿತ್ತು. ಎಳೆದಾಗ ಎಳೆದೆ ಅನ್ನಲು ನಾಚುತ್ತಲೂ ಇರಲಿಲ್ಲ. ಗಿರಾಕಿಗಳ ಅಂಗಿಯ ಗುಂಡಿ ಒಡೆದರೆ ತಪ್ಪನ್ನು ಯಂತ್ರದ ಮೇಲೆ ಹಾಕುವ ಇದೇ ಮನುಷ್ಯ ಅಲ್ಲಿ ಮಾತ್ರ ಅಪ್ಪಟ ಸತ್ಯವಂತ.

ನನಗೆ ಹೊಟ್ಟೆಕಿಚ್ಚು ಇರಲಿಲ್ಲವೇ? ಇತ್ತು. ರಜೆಯ ದಿನ ಗಂಡನ ಹಿಂದೆ ಕೂತುಕೊಳ್ಳುವುದು ನಾನಲ್ಲ, ಅವರ ಅಕ್ಕ ಅನ್ನುವುದು ಯಾವ ಹೆಂಡತಿಗೆ ಹಿತ? ಆದರೆ ಅವರಿಬ್ಬರೂ ಅಲ್ಲಿ ಇರುವ ರೀತಿ ನೋಡಿದ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಅಕ್ಕ ‘ಎಡಕ್ಕೆ ಒಂದು’ ಅನ್ನುವರು, ತಿರುಪು ಒಂದು ಕ್ಲಿಕ್ ಅನ್ನುವುದು, ‘ಈಗ’ ಅನ್ನುವರು, ಗುಂಡು ಹೋಗುವುದು. ನಡುವೆ ಅನುಮಾನ ಅನ್ನುವುದಕ್ಕೆ ಜಾಗವೇ ಇಲ್ಲ. ನಾನು ಫ್ಲಾಸ್ಕಿನಲ್ಲಿ ಚಹಾ ಒಯ್ದು ಹಗ್ಗದ ಆಚೆ ಕೂರುವುದನ್ನು ರೂಢಿ ಮಾಡಿಕೊಂಡೆ.

ಹೀಗಿರುವಾಗ ಒಂದು ಬೆಳಗ್ಗೆ ಒಗೆಯುವ ಕೋಣೆಯಲ್ಲಿ ಅಕ್ಕ ಕುಸಿದು ಬಿದ್ದರು. ಲಕ್ವ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಿತು, ಕೆಲವು ವಾರಗಳಲ್ಲಿ ಎಡಗಾಲು ಎಳೆಯುತ್ತಾ ನಡೆಯುವಷ್ಟಾದರು. ದೊಡ್ಡ ಗಂಡಾಂತರ ಕಳೆಯಿತು ಅಂತ ಬೇಕರಿಯವರು ಬಂದು ಹೇಳಿ ಹೋದರು. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ಮನೆಗೆ ಬಂದ ಮೊದಲ ಊಟಕ್ಕೇ ಅಕ್ಕ ತಟ್ಟೆಯನ್ನು ತಳ್ಳಿ, ಇಷ್ಟೇ ಇಷ್ಟು ಬಡಿಸಿದರೆ ಹೊಟ್ಟೆ ತುಂಬುತ್ತಾ ಅಂತ ನನ್ನ ಮೇಲೆ ರೇಗಿದರು. ನೋಡಿದರೆ ತಟ್ಟೆಯ ಬಲ ಅರ್ಧ ಖಾಲಿ, ಎಡ ಅರ್ಧ ಮುಟ್ಟಿಯೇ ಇಲ್ಲ. ನನಗೆ ಅರ್ಥವಾಗಲಿಲ್ಲ. ಏನು ಮಾಡಬೇಕೋ ತೋಚದೆ ತಟ್ಟೆಯನ್ನು ಸುಮ್ಮನೆ ಅತ್ತ ಇತ್ತ ತಿರುಗಿಸಿದೆ. ಆಗ, ಈಗ ಬಡಿಸಿದೆಯಾ ಅಂತ ಉಳಿದದ್ದನ್ನು ತಿಂದರು. ಆಮೇಲೆ ಒಂದೊಂದೇ ಕಾಣತೊಡಗಿತು. ತಲೆ ಬಾಚಿದರೆ ಬಲಭಾಗ ಮಾತ್ರ. ಹಗ್ಗದ ಬಲ ತುದಿಗೆ ಬಟ್ಟೆ ಒತ್ತೊತ್ತಾಗಿ, ಎಡ ತುದಿ ಬೋಳು. ಬಾಗಿಲ ಎಡ ಚೌಕಟ್ಟಿಗೆ ದಿನಕ್ಕೊಮ್ಮೆಯಾದರೂ ಭುಜ ಬಡಿಯುವುದು, ಬಾಗಿಲು ಯಾರು ಸರಿಸಿದ್ದು ಅಂತ ಕೇಳುವುದು.

ಡಾಕ್ಟರ್ ಇವರನ್ನೂ ನನ್ನನ್ನೂ ಬೇರೆ ಕೂರಿಸಿ ವಿವರಿಸಿದರು. ಕಣ್ಣು ಚೆನ್ನಾಗಿಯೇ ಇದೆಯಂತೆ. ಆದರೆ ಮೆದುಳು ಎಡಗಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲವಂತೆ. ಅವರ ಪಾಲಿಗೆ ಎಡಗಡೆ ಕತ್ತಲೆಯೂ ಅಲ್ಲ, ಖಾಲಿಯೂ ಅಲ್ಲ, ಆ ಕಡೆ ಅನ್ನುವುದೇ ಇಲ್ಲ. ಏನೋ ಕಳೆದುಹೋಗಿದೆ ಅಂತಲೂ ಅವರಿಗೆ ತಿಳಿಯುವುದಿಲ್ಲ. ಯಾರಾದರೂ ಎಡಕ್ಕೆ ತಿರುಗು ಅಂತ ನೆನಪಿಸಿ, ಅವರೇ ಬೇಕೆಂದು ತಿರುಗಿದರೆ ಸಿಕ್ಕೀತು. ಕೆಲವರಿಗೆ ಮೆಲ್ಲಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಅವರಿಗೆ ಇಷ್ಟವಾದ ಕೆಲಸ ಮಾಡಲು ಬಿಡಿ, ತಿರುಗಿ ನೋಡುವ ಅಭ್ಯಾಸ ಮಾಡಿಸಿ ಅಂದರು. ಹೇಳುವುದು ಸುಲಭ.

ಇಸ್ತ್ರಿ ಮೇಜಿನ ಎಡಗಡೆಗೆ ಬಿಸಿ ಪೆಟ್ಟಿಗೆ ಇಟ್ಟು, ಇಟ್ಟದ್ದನ್ನೇ ಮರೆತು, ಅಕ್ಕ ಒಬ್ಬ ಗಿರಾಕಿಯ ಕೋಟು ಸುಟ್ಟರು. ಅವತ್ತು ಇವರು ತಡೆಯಲಾರದೆ ಬಾಯಿಬಿಟ್ಟರು. ಅಕ್ಕ, ನಿನಗೆ ಎಡಗಡೆ ಕಾಣ್ತಿಲ್ಲ, ಡಾಕ್ಟರೇ ಹೇಳಿದ್ದಾರೆ ಅಂದರು. ಅಕ್ಕ ತಮ್ಮನ ಕಡೆ ತಿರುಗಿದರು. ನನಗೆ ಎರಡೂ ಕಣ್ಣು ಕಾಣುತ್ತೆ, ಕಾಣದೇ ಇರೋದು ನಿಮಗೆ ನಾನು ಅಂದರು. ಅಂಗಡಿ ಕಸಿದುಕೊಳ್ಳಲು ಗಂಡ ಹೆಂಡತಿ ಸೇರಿ ತನ್ನನ್ನು ಮೂಲೆಗೆ ತಳ್ಳುತ್ತಿದ್ದಾರೆ ಅಂತ ಅವರಿಗೆ ಅನಿಸಿಬಿಟ್ಟಿತು. ಗೋಡೆ ಕಡೆ ಮುಖ ಮಾಡಿ ಮಲಗಿದವರು ಊಟ ಬಿಟ್ಟರು, ನೀರನ್ನೂ ಹನಿ ಹನಿಯಾಗಿ ಕುಡಿಸಬೇಕಾಯಿತು. ನಾನು ಒರೆಸೋ ಬಟ್ಟೆ ಆಗಿಬಿಟ್ಟೆ ಅಂತ ಗೋಡೆಗೆ ಹೇಳುತ್ತಿದ್ದರು. ಇವರು ಮಂಚದ ಪಕ್ಕ ನೆಲದಲ್ಲಿ ಕೂತು, ತಪ್ಪಾಯ್ತು, ಡಾಕ್ಟರಿಗೆ ಏನೂ ಗೊತ್ತಿಲ್ಲ, ನಿನಗೆ ಏನೂ ಆಗಿಲ್ಲ ಅಂತ ಗೋಗರೆದ ಮೇಲೆ ಒಂದು ತುಂಡು ಬ್ರೆಡ್ ತಿಂದರು. ಇನ್ನು ಸಾಯುವವರೆಗೂ ಈ ಮಾತು ಅವಳ ಕಿವಿಗೆ ಬೀಳಬಾರದು ಅಂತ ಇವರು ನನ್ನಿಂದ ಮಾತು ತೆಗೆದುಕೊಂಡರು. ನಾನು ಕೊಟ್ಟೆ, ಹೆದರಿಕೆಯಿಂದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಅಕ್ಕ ಏಳುತ್ತಿದ್ದರು, ಕೂರುತ್ತಿದ್ದರು, ಮಲಗುತ್ತಿದ್ದರು. ಕೆಲಸ ಕೇಳುತ್ತಿರಲಿಲ್ಲ, ಕೊಟ್ಟರೆ ಮಾಡುತ್ತಲೂ ಇರಲಿಲ್ಲ. ಆದರೆ ಒಂದು ಮಾತ್ರ ಆಗಾಗ ಕೇಳುವರು, ಕ್ಲಬ್ಬಿನಲ್ಲಿ ನನ್ನ ಸ್ಟೂಲಿನ ಮೇಲೆ ಯಾರು ಕೂರ್ತಿದ್ದಾರೆ ಅಂತ. ಯಾರೂ ಇಲ್ಲ, ಅದು ನಿನ್ನದೇ ಅಂತ ಇವರು ಅನ್ನುವರು. ಅಕ್ಕ ಈ ಲೋಕದಲ್ಲಿ ಇನ್ನೂ ಹಿಡಿದುಕೊಂಡಿದ್ದದ್ದು ಆ ಮರದ ಸ್ಟೂಲನ್ನು. ಅದೂ ಹೋದರೆ ಅವರು ಉಳಿಯುವುದಿಲ್ಲ ಅಂತ ಇವರಿಗೆ ಖಾತ್ರಿಯಾಗಿತ್ತು, ನನಗೂ.

ಉಪಾಯ ಹೊಳೆದದ್ದು ನನಗೆ. ಊಟದ ತಟ್ಟೆ ತಿರುಗಿಸಿದ ಹಾಗೆ ಮೈದಾನವನ್ನೇ ತಿರುಗಿಸಿದರೆ? ಮೈದಾನದ ತೀರಾ ಎಡ ತುದಿಯಲ್ಲಿ, ಬಾವುಟದ ಸಾಲಿಗಿಂತಲೂ ಆಚೆ ಸ್ಟೂಲು ಹಾಕಿ ಕೊಂಚ ಓರೆಯಾಗಿ ಕೂರಿಸಿದರೆ, ಸಂದಿನ ಬಾವುಟ ಸೇರಿ ಎಲ್ಲವೂ ಅಕ್ಕನ ಬಲಗಡೆಗೇ ಬರುತ್ತದೆ. ಕಾರ್ಯದರ್ಶಿಗೆ ನಿಜ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಎಡ ತುದಿಯ ಜಾಗ ಇನ್ನು ಮೇಲೆ ನಿಮ್ಮದೇ ಅಂದರು.

ಮೊದಲ ದಿನ ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದೆವು. ಅಕ್ಕ ಬಾವುಟಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಸಂದಿನಿಂದ ಬರ್ತಿದೆ, ಎಡಕ್ಕೆ ಎರಡು ಅಂದರು. ಗುಂಡು ನಡುವಿಗೇ ಬಿತ್ತು. ನಾನು ಹಗ್ಗದ ಆಚೆ ಕೂತು ಅತ್ತುಬಿಟ್ಟೆ. ಅವತ್ತು ಅಕ್ಕ ಮನೆಗೆ ಬಂದು ಹೊಟ್ಟೆ ತುಂಬ ಉಂಡರು, ತಟ್ಟೆಯನ್ನು ನಾನು ತಿರುಗಿಸುತ್ತಲೇ ಇದ್ದೆ. ಬರಬರುತ್ತಾ ಬೇಕರಿಯವರನ್ನು ಗೇಲಿ ಮಾಡುವಷ್ಟಾದರು, ನನ್ನ ಅಡುಗೆಯಲ್ಲಿ ಮತ್ತೆ ತಪ್ಪು ಹುಡುಕತೊಡಗಿದರು. ಅಕ್ಕನ ಬೈಗುಳ ಕೇಳಿ ಖುಷಿಪಟ್ಟ ಕಾಲ ಅದೊಂದೇ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವಾರ್ಷಿಕ ಜೋಡಿ ಪಂದ್ಯ ಬಂತು, ಬೇರೆ ಊರುಗಳಿಂದಲೂ ಜೋಡಿಗಳು ಬರುತ್ತವೆ. ಅಕ್ಕ ತಾನೇ ಹೋಗಿ ಹೆಸರು ಕೊಟ್ಟು ಬಂದರು. ಹಿಂದೆ ಎಷ್ಟೋ ಸಲ ಗೆದ್ದವರನ್ನು ಬೇಡ ಅನ್ನಲು ಕಾರಣ ಏನು ಹೇಳುವುದು? ಎಡ ತುದಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂತ ನಮಗೆ ನಾವೇ ಹೇಳಿಕೊಂಡೆವು. ಪಂದ್ಯದಲ್ಲಿ ಜಾಗ ಚೀಟಿ ಎತ್ತಿ ಕೊಡುತ್ತಾರೆ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಚೀಟಿಯಲ್ಲಿ ಬಂದದ್ದು ಬಲ ತುದಿ, ದಿಬ್ಬದ ಬುಡ.

ನಾನು ಪಂದ್ಯದ ತೀರ್ಪುಗಾರರ ಹತ್ತಿರ ಓಡಿದೆ. ಕಾಯಿಲೆಯವರು, ಜಾಗ ಬದಲಿಸಿಕೊಡಿ ಅಂತ ಕೇಳಿದೆ. ಚೀಟಿ ಅಂದಮೇಲೆ ಚೀಟಿ, ಕಾಯಿಲೆಯಾದರೆ ಪಂದ್ಯದಿಂದ ಹೊರಗಿರಲಿ ಅಂದರು. ತಪ್ಪು ಹೇಳಲಿಲ್ಲ ಅವರು. ವಾಪಸು ಬಂದು ಇವರ ಕಿವಿಯಲ್ಲಿ, ಹೊಟ್ಟೆನೋವು ಅಂತ ಹೇಳಿ ಎದ್ದುಬಿಡಿ ಅಂದೆ. ಇವರು ಚಾಪೆ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. “ಅವಳ ಮುಖ ನೋಡಿದ್ಯಾ?” ಅಂದರು. ನೋಡಿದೆ. ಅಕ್ಕ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎಡ ಕಾಲರ್ ಮಡಚಿಕೊಂಡಿದ್ದು ತಿಳಿಯದೆ, ಸ್ಟೂಲಿನ ಮೇಲೆ ರಾಣಿಯ ಹಾಗೆ ಕೂತಿದ್ದರು.

ಎಡದ ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಹಗ್ಗದ ಆಚೆ ಕೂತ ನನಗೂ ಗೊತ್ತಾಗುವಷ್ಟು ಜೋರು. ಎಡಸಾಲಿನ ಬಾವುಟಗಳೆಲ್ಲ ಬಿಗಿಯಾಗಿ ಬಲಕ್ಕೆ ಚಾಚಿದ್ದವು. ಅಕ್ಕನ ಪಕ್ಕದಲ್ಲಿ, ದಿಬ್ಬದ ಬುಡದಲ್ಲಿ, ಬಲಸಾಲಿನವು ಉಲ್ಟಾ ಎಡಕ್ಕೆ ತುಯ್ದಾಡುತ್ತಿದ್ದವು. ಅಕ್ಕ ದುರ್ಬೀನಿನಿಂದ ಕಣ್ಣು ತೆಗೆದರು, ಬಲಸಾಲನ್ನು ನೋಡಿದರು, ಮತ್ತೆ ದುರ್ಬೀನಿಗೆ ಬಾಗಿದರು. ಕುತ್ತಿಗೆ ಎಡಕ್ಕೆ ಒಂದಿಷ್ಟೂ ತಿರುಗಲಿಲ್ಲ.

“ಬಲಕ್ಕೆ ಎರಡು” ಅಂದರು.

ತಿರುಪು ಎರಡು ಸಲ ಕ್ಲಿಕ್ ಅಂದಿತು. ಈಗ ಅಂದರು. ಗುಂಡು ಹೋಯಿತು. ನನ್ನ ಗಂಡ ಕೈ ಅಲುಗಿಸಿದ್ದರೆ ನನಗೆ ಬೆನ್ನು ನೋಡಿಯೇ ಗೊತ್ತಾಗುತ್ತಿತ್ತು. ಬೆನ್ನು ನೆಲದಷ್ಟೇ ಸ್ಥಿರವಾಗಿತ್ತು. ಅದಕ್ಕಿಂತ ಶುದ್ಧವಾಗಿ ಅವರು ಎಂದೂ ಹೊಡೆದಿರಲಿಕ್ಕಿಲ್ಲ.

ಈಗ ಆ ಒಂದು ಪದ ಹೇಳಬೇಕು.  ಶುದ್ಧ ಅಂದಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಕ ದುರ್ಬೀನಿನಲ್ಲಿ ಗುಂಡಿನ ಗುರುತು ಬಲಕ್ಕೆ, ದೂರಕ್ಕೆ ಬಿದ್ದದ್ದನ್ನು ನೋಡುತ್ತಿದ್ದರು. ತಮ್ಮ ಶುದ್ಧ ಅಂದ, ಗುಂಡು ಬಲಕ್ಕೆ ಹೋಯಿತು, ಅಂದರೆ ನಾನು ನೋಡದ ಗಾಳಿ ಎಲ್ಲೋ ಇದೆ ಅಂತ ಆ ಹಳೆಯ ಬುದ್ಧಿ ಎದ್ದು ಕೂರುತ್ತಿತ್ತು. ಹುಡುಕುತ್ತಿದ್ದರು. ಹುಡುಕುತ್ತಾ ಹುಡುಕುತ್ತಾ ಕುತ್ತಿಗೆ ಎಡಕ್ಕೆ ತಿರುಗುತ್ತಿತ್ತು. ಡಾಕ್ಟರಿಂದ ಆಗದ್ದು, ನಮ್ಮಿಂದ ಆಗದ್ದು, ಆ ಆಟದಿಂದ ಆಗಬಹುದಿತ್ತು. ಯಾರೂ ಹೇಳದೆ, ಯಾರೂ ಅವಮಾನ ಮಾಡದೆ, ಅಕ್ಕ ತನಗೆ ತಾನೇ ಎಡಗಡೆಯನ್ನು ಕಂಡುಹಿಡಿಯಬಹುದಿತ್ತು. ಖಂಡಿತ ಆಗುತ್ತಿತ್ತು ಅಂತ ಹೇಳಲಾರೆ. ಆದರೆ ಅಲ್ಲಿ ಇದ್ದದ್ದು ಅದೊಂದೇ ದಾರಿ.

ಇವರಿಗೆ ಕಂಡದ್ದು ಗೋಡೆಗೆ ಮುಖ ಮಾಡಿ ಮಲಗಿದ್ದ ಅಕ್ಕ.

“ಎಳೆದೆ, ಅಕ್ಕ” ಅಂದರು.

ಜೀವಮಾನದಲ್ಲಿ ಆ ಚಾಪೆಯ ಮೇಲೆ ಇವರು ಹೇಳಿದ ಮೊದಲ ಸುಳ್ಳು. ಅಕ್ಕ ಅದನ್ನು ಪೂರಾ ನಂಬಿದರು. ನಂಬದೇ ಇರಲು ಅವರಿಗೆ ಕಾರಣವೇ ಇರಲಿಲ್ಲ. ಪರವಾಗಿಲ್ಲ, ಉಸಿರು ತಗೋ, ಬಲಕ್ಕೆ ಎರಡು ಹಾಗೇ ಇರಲಿ ಅಂದರು. ಎರಡನೆಯದೂ ಅಲ್ಲೇ ಬಿತ್ತು. ಎಳೆದೆ. ಮೂರನೆಯದು. ಎಳೆದೆ. ನಡುವೆ ಒಮ್ಮೆ ಇವರ ಕೈ ತಿರುಪಿನ ಮೇಲೆ ಹೋಗಿ ನಿಂತದ್ದನ್ನು ಕಂಡೆ. ಕದ್ದು ಎಡಕ್ಕೆ ತಿರುಗಿಸಿಬಿಡಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಎಷ್ಟು ತಿರುಗಿಸುವುದು? ಬಾವುಟ ಓದಲು ಇವರಿಗೆ ಬರುತ್ತಿರಲಿಲ್ಲ. ಕತ್ತೆತ್ತಿ ಮೈದಾನವನ್ನು ನೋಡಿದರು, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ. ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಆ ಕಡೆ ಈ ಕಡೆ ನೋಡಿ ಮತ್ತೆ ಕೆನ್ನೆಯನ್ನು ರೈಫಲಿಗೆ ಒತ್ತಿದರು.

ಪಕ್ಕದ ಜೋಡಿಗಳು ಗುಸುಗುಸು ಶುರುಮಾಡಿದವು. ಹಗ್ಗದ ಆಚೆಯಿಂದ ಮಾತನಾಡಿದರೆ ಜೋಡಿಯನ್ನೇ ಹೊರಗೆ ಹಾಕುತ್ತಾರೆ. ಹಾಕಲಿ ಅಂತ ಎದ್ದು ನಿಂತೆ. ಗಡಿಯಾರದವರು ನನ್ನ ತೋಳು ಹಿಡಿದು, ಇಷ್ಟು ಜನರ ಮುಂದೆ ಬೇಡ ತಾಯಿ ಅಂದರು. ನಾನು ಕೂತೆ. ಕೊನೆಯ ಹೊತ್ತಿಗೆ ಅಕ್ಕ ಗಾಳಿ ಹೇಳುವುದನ್ನು ನಿಲ್ಲಿಸಿ, ತಮ್ಮಾ, ಮೆಲ್ಲಗೆ, ಮೆಲ್ಲಗೆ ಅಂತ ಮಾತ್ರ ಹೇಳುತ್ತಿದ್ದರು. ಗುಂಡುಗಳು ಬಲಕ್ಕೆ, ಒಂದರ ಪಕ್ಕ ಒಂದು, ಒಂದೇ ಜಾಗದಲ್ಲಿ ಬಿದ್ದಿದ್ದವು. ಕೈ ನಡುಗುವವರ ಗುಂಡು ಹಾಗೆ ಒಟ್ಟಿಗೆ ಬೀಳುವುದಿಲ್ಲ. ಕಾಗದವನ್ನು ನೋಡಿದವರಿಗೆಲ್ಲ ಅದು ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಕಾಗದದ ಬಲಗಡೆಗೇ ಬಿದ್ದಿದ್ದರಿಂದ ಅಕ್ಕನಿಗೂ ಎಲ್ಲವೂ ಸ್ಪಷ್ಟವಾಗಿ ಕಂಡಿರಬೇಕು. ಆದರೆ ತಮ್ಮನ ಮಾತಿನ ಮುಂದೆ ತನ್ನ ಕಣ್ಣನ್ನು ಅವರು ನಂಬಲಿಲ್ಲ.

ಮನೆಗೆ ಬಂದ ಮೇಲೆ ನಾನು ಇವರ ಮೇಲೆ ಹರಿಹಾಯ್ದೆ. ನಿಮ್ಮ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ ಅಂದೆ. ಇವರು ಬೂಟಿನ ದಾರ ಬಿಚ್ಚುತ್ತಾ, ಸ್ಟೂಲು ಉಳಿಯಿತಲ್ಲ ಅಂದರು. ಹೋದದ್ದು ನನ್ನ ಹೆಸರು ತಾನೇ, ಮುಂದಿನ ವಾರ ಎಡ ತುದಿಗೆ ಹೋಗೋಣ, ಅವಳು ಮತ್ತೆ ಕೂರ್ತಾಳೆ ಅಂದರು. ಹಾಗೆ ಹೇಳುವಾಗ ಇವರ ಮುಖದಲ್ಲಿ ಸಮಾಧಾನವೇ ಇತ್ತು. ಆ ಸಮಾಧಾನ ನೋಡಿ ನನ್ನ ಸಿಟ್ಟು ಇಳಿಯಿತು, ಪಾಪ ಅನಿಸಿತು.

ಮುಂದಿನ ವಾರ ಅಕ್ಕ ಎಡ ತುದಿಗೆ ಹೋಗಲಿಲ್ಲ. ನೇರ ಗಡಿಯಾರದ ಅಂಗಡಿಗೆ ಹೋಗಿ, ನಮ್ಮ ಜೋಡಿಯ ಹೆಸರು ತೆಗೆದುಬಿಡಿ ಅಂದರಂತೆ. ತಮ್ಮನ ಕೈ ಹೋಗಿದೆ, ಅವನಿಗೆ ಒಪ್ಪಿಕೊಳ್ಳಲು ಆಗುತ್ತಿಲ್ಲ, ನೀವು ಯಾರೂ ಅವನ ಮುಂದೆ ಈ ವಿಷಯ ಎತ್ತಬೇಡಿ ಅಂದರಂತೆ. ಕಾರ್ಯದರ್ಶಿ, ತಮ್ಮ ಇಲ್ಲದಿದ್ದರೂ ಸ್ಟೂಲು ನಿಮ್ಮದೇ, ಬೇರೆ ಯಾರಿಗಾದರೂ ಗಾಳಿ ಹೇಳಿ ಅಂತ ಬಹಳ ಬೇಡಿಕೊಂಡರಂತೆ. ಅವನ ಕೈ ಬಿದ್ದು ಹೋಗಿರೋವಾಗ ನಾನು ಇನ್ನೊಬ್ಬರ ಹಿಂದೆ ಹೋಗಿ ಕೂತರೆ ಅವನ ಜೀವ ಹೇಗಾಗಬೇಡ ಅಂತ ಅಕ್ಕ ಎದ್ದು ಬಂದರು. ಬರುವಾಗ ಸ್ಟೂಲನ್ನು ಕ್ಲಬ್ಬಿಗೇ ದಾನ ಕೊಟ್ಟೆ ಅಂತ ಹೇಳಿ ಬಂದಿದ್ದರು.

ಗಡಿಯಾರದವರು ನಮ್ಮಂಗಡಿಗೆ ಬಂದು ಇದನ್ನು ಹೇಳಿದಾಗ ಇವರು ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರು. ಬಣ್ಣ ಬಿಟ್ಟುಹೋದ ಮುಖ ಅಂತಾರಲ್ಲ, ಹಾಗಾಗಿತ್ತು. ಯಾವುದನ್ನು ಉಳಿಸಲು ಸುಳ್ಳು ಹೇಳಿದರೋ ಅದನ್ನೇ ಆ ಸುಳ್ಳು ತೆಗೆದುಕೊಂಡು ಹೋಗಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಕ್ಕನ ಕಾಲು ಎಳೆಯುವ ಸದ್ದು ಕೇಳಿತು. ಬಾಗಿಲಿಗೆ ಭುಜ ಬಡಿದುಕೊಂಡು ಒಳಗೆ ಬಂದರು. ಇವರು ಮೇಜು ಸುತ್ತಿ ಹೋಗಿ ಅಕ್ಕನ ಎದುರು ನಿಂತರು. ನನ್ನಿಂದ ಮಾತು ತೆಗೆದುಕೊಂಡಿದ್ದವರೇ ಅದನ್ನು ಮುರಿಯಲು ಹೊರಟಿದ್ದರು. ಮುರಿಯಲಿ ಅಂತ ನಾನೂ ಕಾಯುತ್ತಿದ್ದೆ.

“ಅಕ್ಕ, ನಾನು ಎಳೀಲಿಲ್ಲ. ಒಂದನ್ನೂ ಎಳೀಲಿಲ್ಲ. ಎಲ್ಲಾ ಶುದ್ಧ ಇತ್ತು. ನನ್ನ ಕೈ ಸರಿಯಾಗೇ ಇದೆ” ಅಂದರು. 

ಅಕ್ಕ ಗಡಿಯಾರದವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾವಿಬ್ಬರೂ ಅವರ ಬಲಗಡೆಗೇ ನಿಂತಿದ್ದೆವು. ನೋಡಿದ್ರಾ, ನಾನು ಹೇಳಲಿಲ್ಲವಾ ಅನ್ನುವ ಹಾಗಿತ್ತು ಆ ನೋಟ. ಆಮೇಲೆ ತಮ್ಮನ ಬಲಗೈಯನ್ನು ತನ್ನ ಕೈಗಳ ನಡುವೆ ತೆಗೆದುಕೊಂಡು, ಅದು ನಡುಗುತ್ತಿರುವುದನ್ನು ಅನುಭವಿಸಿ, ಮೆಲ್ಲಗೆ ತಟ್ಟಿದರು. ನಿಜವಾಗಿಯೂ ಆಗ ಅದು ನಡುಗುತ್ತಿತ್ತು.

“ಹೂಂ ಕಣೋ, ಚೆನ್ನಾಗೇ ಇದೆ. ನಿನಗೆ ಏನೂ ಆಗಿಲ್ಲ” ಅಂದರು, ಮಗುವಿಗೆ ಹೇಳುವ ಹಾಗೆ. ಆಮೇಲೆ ಇವರನ್ನು ಕುರ್ಚಿಯ ಮೇಲೆ ಕೂರಿಸಿ, ಬಿಸಿ ಪೆಟ್ಟಿಗೆಯನ್ನು ಅವರ ಕೈಗೆ ಸಿಗದಷ್ಟು ದೂರ ಸರಿಸಿ ಇಟ್ಟರು.